ಒಂದೂವರೆ ಡಿಗ್ರಿ ನಮ್ಮ ಬಿಸಿಲುನಾಡಿಗೆ ಯಾವ ಲೆಕ್ಕ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತೇನೆ. ಹವಾಮಾನ ಬದಲಾವಣೆಯಿಂದ ಪ್ರಾಣಿ ಪಕ್ಷಿಗಳ ಸಂತತಿ ಅಳಿಯುತ್ತಿದೆ ಎಂದು ಮಗಳು ಶಾಲೆಯಲ್ಲಿ ಓದಿ ಬಂದು ಹೇಳುತ್ತಾಳೆ. ಮೇ ತಿಂಗಳಲ್ಲಿ 43–44 ಡಿಗ್ರಿ ಬಿಸಿಲು ನಮ್ಮ ಅಜ್ಜನ ಕಾಲದಲ್ಲಿಯೂ ಇತ್ತು. ನಮ್ಮಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಇಲ್ಲಿನ ಜೀವಿಗಳು ಅದಕ್ಕೆ ಒಗ್ಗಿಕೊಂಡೇ ಬದುಕಿವೆ. ಒಂದು, ಒಂದೂವರೆ ಡಿಗ್ರಿ ಏರಿದರೆ ಅವಕ್ಕೆ ಯಾವ ಲೆಕ್ಕ? ಕೌಜುಗ, ಬುರ್ಲಿ, ಹಳ್ಳದ ಮೀನು ಕಡಿಮೆಯಾಗಿರುವುದು ನಿಜ. ಆದರೆ ಅದಕ್ಕೆ ಕಾಲುವೆ, ಔಷಧಿ ಸಿಂಪಡಣೆ, ಮರಳು ತೆಗೆಯುವುದು ಕಾರಣವಲ್ಲವೇ? ಇನ್ನೊಂದು ಮಾತು: ಹಳ್ಳದ ದಂಡೆಗೆ ನಮ್ಮದು ಎರಡು ಎಕರೆ ಬೀಳು ಭೂಮಿ ಇದೆ. ಅಲ್ಲಿಗೆ ಕಾಲುವೆ ನೀರು ಏರುವುದಿಲ್ಲ. ಹುಲ್ಲು, ಬಳ್ಳಾರಿ ಜಾಲಿ ಬೆಳೆದಿವೆ. ಪರಿಸರಕ್ಕೆ ಒಳ್ಳೆಯದಾಗಲಿ ಎಂದು ಅದರ ತುಂಬ ಗಿಡ ನೆಡಬೇಕೆಂದಿದ್ದೇನೆ. ಸರಿಯೇ?

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯವಿದೆ. ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಜೀವವೈವಿಧ್ಯದ ಬಗ್ಗೆ ವಿಶ್ವಸಂಸ್ಥೆಯ ಆಶ್ರಯದಲ್ಲಿ ಕೆಲಸ ಮಾಡುವ ಅಂತರಸರ್ಕಾರಿ ವೇದಿಕೆಯೊಂದು 2019ರಲ್ಲಿ ಜಗತ್ತಿನ ಸ್ಥಿತಿಯನ್ನು ಅಳೆದು ವರದಿ ಕೊಟ್ಟಿತು. ಸುಮಾರು 10 ಲಕ್ಷ ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗುತ್ತಿವೆ ಎಂದು ಹೇಳಿದ್ದು ಆ ವರದಿಯೇ. ಅದರಲ್ಲಿ ಕಾರಣಗಳ ಸರದಿಯೂ ಇದೆ. ಮೊದಲನೆಯದು ನೆಲ ಮತ್ತು ಕಡಲಿನ ಬಳಕೆ ಬದಲಾದದ್ದು, ಎರಡನೆಯದು ಬೇಟೆ, ಮೀನುಗಾರಿಕೆಯಂತಹ ನೇರ ಸುಲಿಗೆ, ಮೂರನೆಯದು ಹವಾಮಾನ. ಮಾಲಿನ್ಯ ಮತ್ತು ಹೊರಗಿನಿಂದ ಬಂದು ಹಬ್ಬುವ ಜೀವಿಗಳು ಆಮೇಲೆ. ಹಾಗಾಗಿ ಎರೆಹೊಲವನ್ನು ಗದ್ದೆ ಮಾಡಿದ್ದು ಮೊದಲ ಪೆಟ್ಟು ಎಂಬ ನಿಮ್ಮ ಮಾತನ್ನು ಯಾವ ತಜ್ಞನೂ ಅಲ್ಲಗಳೆಯಲಾರ.

ಆದರೆ ಒಂದು, ಒಂದೂವರೆ ಡಿಗ್ರಿ ಲೆಕ್ಕಕ್ಕಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನೀವು ಭತ್ತ ಬೆಳೆಯುವವರಾದ್ದರಿಂದ ನಿಮ್ಮ ಗದ್ದೆಯಿಂದಲೇ ಶುರು ಮಾಡುತ್ತೇನೆ. ಬೇಸಿಗೆ ಬೆಳೆ ತಡವಾಗಿ ನಾಟಿಯಾಗಿ, ತೆನೆ ಹೂಬಿಡುವುದು ಏಪ್ರಿಲ್‌ಗೆ ಬಿದ್ದರೆ ಜೊಳ್ಳು ಜಾಸ್ತಿಯಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಭತ್ತದ ಹೂವು ಬೆಳಗಿನ ಹೊತ್ತು ಸುಮಾರು ಒಂದು ಗಂಟೆ ಮಾತ್ರ ತೆರೆದಿರುತ್ತದೆ. ಆ ಗಂಟೆಯಲ್ಲಿ ಶಾಖ 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಕಾಳು ಕಟ್ಟುವುದಿಲ್ಲ. 30ರಿಂದ 31ಕ್ಕೆ ಏರಿದಾಗ ಪೈರಿಗೆ ಏನೂ ಆಗಲಿಲ್ಲ. 35ರಿಂದ 36ಕ್ಕೆ ಏರಿದಾಗ ತೆನೆ ಬರಿದಾಯಿತು. ಡಿಗ್ರಿ ಒಂದೇ, ಬಿದ್ದ ಜಾಗ ಬೇರೆ. ತಂಪು ನಾಡಿನ ಜೀವಿಗೆ ತನ್ನ ಮಿತಿಯವರೆಗೆ ಇನ್ನೂ ಹತ್ತಾರು ಡಿಗ್ರಿ ಅಂತರವಿದೆ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಜೀವಿಗಳು ಆ ಅಂತರವನ್ನೆಲ್ಲ ಎಂದೋ ಬಳಸಿಕೊಂಡು ಗೆರೆಯ ಮೇಲೆಯೇ ನಿಂತಿವೆ. ಒಗ್ಗಿಕೊಂಡಿವೆ ಎಂದರೆ ಇನ್ನೂ ಎಷ್ಟಾದರೂ ತಾಳುತ್ತವೆ ಎಂದರ್ಥವಲ್ಲ.

ಹಕ್ಕಿಯ ಮೈಯನ್ನೇ ನೋಡಿ. ಹಕ್ಕಿಗಳ ಮೈಶಾಖ ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಕಾವು ತಾನಾಗಿ ಹೊರಗೆ ಹೋಗುತ್ತದೆ. ಗಾಳಿಯೇ 43 ಆದರೆ ಕಾವು ಹೊರಗಿನಿಂದ ಮೈಯೊಳಕ್ಕೆ ಬರತೊಡಗುತ್ತದೆ. ಆಗ ಉಳಿಯುವ ಉಪಾಯ ಒಂದೇ: ಮೈಯ ನೀರನ್ನು ಆವಿ ಮಾಡುವುದು, ಹೆಚ್ಚಿನ ಹಕ್ಕಿಗಳು ಅದನ್ನು ಕೊಕ್ಕು ತೆರೆದು ತೇಕುತ್ತ ಮಾಡುತ್ತವೆ. ಹಕ್ಕಿಗೆ ಬೆವರು ಗ್ರಂಥಿಗಳಿಲ್ಲ. ಮೇ ತಿಂಗಳ ಮಧ್ಯಾಹ್ನ ಬೇವಿನ ಮರದಲ್ಲಿ ಬಾಯಿ ತೆರೆದುಕೊಂಡು, ರೆಕ್ಕೆ ಇಳಿಬಿಟ್ಟು ಕುಳಿತ ಕಾಗೆಯನ್ನು ನೀವು ನೋಡಿರುತ್ತೀರಿ. ಅದು ವಿಶ್ರಾಂತಿಯಲ್ಲ, ತನ್ನ ನೀರನ್ನು ಖರ್ಚು ಮಾಡಿ ಪ್ರಾಣ ಉಳಿಸಿಕೊಳ್ಳುತ್ತಿದೆ. ದೇಹ ಚಿಕ್ಕದಾದಷ್ಟೂ ಆ ನೀರಿನ ಗಂಟು ಚಿಕ್ಕದು. ಒಂದು ಡಿಗ್ರಿ ಏರಿದರೆ ದಿನಕ್ಕೆ ಬೇಕಾದ ನೀರು ಹೆಚ್ಚುತ್ತದೆ, ಮೇವಿಗೆ ತಿರುಗುವ ಹೊತ್ತು ಕಡಿಮೆಯಾಗುತ್ತದೆ, ಗೂಡಿನ ಮರಿಗೆ ಸಿಗುವ ತುತ್ತು ಕಡಿಮೆಯಾಗುತ್ತದೆ. ಹಕ್ಕಿ ಬಿಸಿಲಿಗೆ ಸಿಕ್ಕಿ ಸತ್ತು ಬೀಳುವುದು ಅಪರೂಪ. ಆ ವರ್ಷ ಅದು ಮರಿ ಮಾಡುವುದಿಲ್ಲ, ಅಷ್ಟೆ. ಹತ್ತು ವರ್ಷ ಹೀಗೆಯೇ ನಡೆದರೆ ಆ ಊರಿನಲ್ಲಿ ಆ ಹಕ್ಕಿ ಇರುವುದಿಲ್ಲ, ಯಾವತ್ತು ಹೋಯಿತು ಎಂದು ಯಾರಿಗೂ ನೆನಪಿರುವುದಿಲ್ಲ.

ನೀವು ಕೇಳಬಹುದು: ಇದೆಲ್ಲ ಊಹೆಯೇ, ಯಾರಾದರೂ ಕಣ್ಣಾರೆ ನೋಡಿ ಎಣಿಸಿದ್ದಾರೆಯೇ ಎಂದು. ಎಣಿಸಿದ್ದಾರೆ. ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ 20ನೇ ಶತಮಾನದ ಮೊದಲ ಭಾಗದಲ್ಲಿ ಪ್ರಾಣಿವಿಜ್ಞಾನಿ ಜೋಸೆಫ್ ಗ್ರಿನ್ನೆಲ್ ಮತ್ತು ಅವರ ಸಂಗಡಿಗರು ಊರೂರು ಅಲೆದು, ಎಲ್ಲೆಲ್ಲಿ ಯಾವ ಹಕ್ಕಿ ಇದೆ ಎಂದು ಬರೆದಿಟ್ಟಿದ್ದರು. ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ನೂರು ವರ್ಷದ ನಂತರ ಅದೇ ಜಾಗಗಳಿಗೆ ಹೋಗಿ ಮತ್ತೆ ಎಣಿಸಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದೊಂದು ಜಾಗವೂ ಸರಾಸರಿ 43 ಶೇಕಡಾ ಹಕ್ಕಿ ಪ್ರಭೇದಗಳನ್ನು ಕಳೆದುಕೊಂಡಿತ್ತು. ನಿಮ್ಮ ಪ್ರಶ್ನೆಗೆ ಇದು ಮುಖ್ಯ ಏಕೆಂದರೆ ಡೆತ್ ವ್ಯಾಲಿಯಂತಹ ಆ ಜಾಗಗಳಲ್ಲಿ ಬಹುಪಾಲು ಸಂರಕ್ಷಿತ ಪ್ರದೇಶ. ಅಲ್ಲಿ ಭತ್ತದ ಕಾಲುವೆ ಬರಲಿಲ್ಲ, ಗದ್ದೆಗೆ ಔಷಧಿ ಹೊಡೆಯಲಿಲ್ಲ. ಆ ಹಕ್ಕಿಗಳೂ ತಲತಲಾಂತರದಿಂದ ಬಿಸಿಲಿಗೆ ಒಗ್ಗಿದವುಗಳೇ. ಮಳೆ ಕಡಿಮೆಯಾಗಿ, ಬಿಸಿ ಹೆಚ್ಚಾಗಿ, ನೀರಿನ ಲೆಕ್ಕ ತಪ್ಪಿದ್ದರಿಂದ ಅವು ಹೋದವು.

ಇದರ ಮುಂದಿನ ಭಾಗ ನನ್ನನ್ನು ಇನ್ನೂ ಹೆಚ್ಚು ಯೋಚಿಸುವಂತೆ ಮಾಡಿತು. 2021ರಲ್ಲಿ ಅದೇ ಮರುಭೂಮಿಯ ಇಲಿ, ಅಳಿಲುಗಳಂತಹ ಸಣ್ಣ ಪ್ರಾಣಿಗಳ ಲೆಕ್ಕ ಹೊರಬಂತು. ಅವು ಅಷ್ಟೇನೂ ಕಡಿಮೆಯಾಗಿರಲಿಲ್ಲ. ಅದೇ ಬಿಸಿಲು, ಅದೇ ಬರ. ವ್ಯತ್ಯಾಸ ಇದ್ದದ್ದು ಬಿಲದಲ್ಲಿ. ಹಗಲು ನೆಲದೊಳಗೆ ಇಳಿದು, ರಾತ್ರಿ ಹೊರಗೆ ಬರುವ ಪ್ರಾಣಿಗೆ ಮೇಲಿನ ಶಾಖ ತಟ್ಟುವುದು ಕಡಿಮೆ. ಬಯಲಿನಲ್ಲಿ ಕೂರುವ ಹಕ್ಕಿಗೆ ಆ ಆಸರೆ ಇಲ್ಲ.

ಬಿಸಿಲುನಾಡಿನ ಜೀವಿ ಬಿಸಿಲನ್ನು ಎದುರಿಸಿ ಗೆದ್ದದ್ದಲ್ಲ, ಬಿಸಿಲಿನಿಂದ ಸರಿದು ಗೆದ್ದದ್ದು. ನಮ್ಮ ಸೀಮೆಯನ್ನು ಹೀಗೆ ನೋಡಿದರೆ ಎಲ್ಲವೂ ಬೇರೆಯಾಗಿ ಕಾಣುತ್ತದೆ. ದರೋಜಿಯ ಕರಡಿ ಅಷ್ಟು ಉದ್ದ ಕಪ್ಪು ಕೂದಲು ಹೊತ್ತುಕೊಂಡು ಕಾದ ಹೆಬ್ಬಂಡೆಗಳ ನಡುವೆ ಹೇಗೆ ಬದುಕುತ್ತದೆ? ಬಂಡೆಗಳ ಅಡಿಯ ಗವಿಯಲ್ಲಿ ಹಗಲೆಲ್ಲ ಮಲಗಿ, ಹೊತ್ತು ಇಳಿದ ಮೇಲೆ ಹೊರಬೀಳುತ್ತದೆ. ತುಂಗಭದ್ರೆಯ ಮೀನು ಬೇಸಿಗೆಯಲ್ಲಿ ಮಡುವಿನ ಆಳಕ್ಕೆ ಇಳಿಯುತ್ತದೆ. ಏಡಿ ಹಳ್ಳದ ದಂಡೆಯ ಕೆಸರಿಗೆ ಹೋಗುತ್ತದೆ, ಕಪ್ಪೆ ಎರೆಮಣ್ಣಿನ ಬಿರುಕಿನೊಳಗೆ, ಬಾವಲಿ ಆಲದ ಮರದ ದಟ್ಟ ನೆರಳಿಗೆ. ಟಿಟ್ಟಿಭಕ್ಕೆ ಸರಿಯುವ ಅವಕಾಶವೂ ಇಲ್ಲ, ಏಕೆಂದರೆ ಅದರ ಮೊಟ್ಟೆ ಬಯಲು ನೆಲದ ಮೇಲಿದೆ. ಅದು ಹತ್ತಿರದ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಒಂದು ಮೇ ತಿಂಗಳು ಕುಷ್ಟಗಿ ಕಡೆಯ ಒಂದು ಕೆರೆಯಂಗಳದಲ್ಲಿ ಟಿಟ್ಟಿಭವೊಂದು ಹೀಗೆ ಹೋಗಿ ಬರುವುದನ್ನು ನಾನು ಮಧ್ಯಾಹ್ನವೆಲ್ಲ ಕುಳಿತು ನೋಡಿದ್ದೇನೆ. ನೀರು ದಿನದಿನಕ್ಕೂ ಹಿಂದೆ ಸರಿಯುತ್ತಿತ್ತು, ಹಕ್ಕಿಯ ದಾರಿ ದಿನದಿನಕ್ಕೂ ಉದ್ದವಾಗುತ್ತಿತ್ತು. ಆ ದೃಶ್ಯ ನನ್ನ ಮನಸ್ಸಿನಿಂದ ಹೋಗಿಲ್ಲ.

ನೀವು ಹೇಳಿದ ಕಾರಣಗಳೂ ನಾನು ಹೇಳುತ್ತಿರುವ ಕಾರಣವೂ ಕೂಡುವುದು ಇಲ್ಲಿಯೇ. ಮರಳು ತೆಗೆದು ಮಡುವನ್ನು ಹಾಳುಗೆಡವಿದವರು ನಾವು. ರಸ್ತೆ ಅಗಲ ಮಾಡಲು ಸಾಲು ಹುಣಸೆ, ಆಲ ಕಡಿದವರು, ಕಲ್ಲು ಗಣಿಗೆ ಗುಡ್ಡ ಒಡೆದವರು, ಬದುವಿನ ಪೊದೆ ಸವರಿ ಗದ್ದೆ ಸಮತಟ್ಟು ಮಾಡಿದವರು ನಾವು. ಬಿಸಿಲು ಮೊದಲಿನಷ್ಟೇ ಇದ್ದಿದ್ದರೆ ಉಳಿದ ಪುಟ್ಟ ನೆರಳಿನಲ್ಲಿ ಒಂದಷ್ಟು ಜೀವಿಗಳು ಹೇಗೋ ಕಾಲ ತಳ್ಳುತ್ತಿದ್ದವು. ನೆರಳನ್ನು ಕಿತ್ತುಕೊಂಡ ಕಾಲದಲ್ಲಿಯೇ ಬಿಸಿಲು ಏರಿದೆ. ಭಾರತದ ಸರಾಸರಿ ಶಾಖ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ ವರದಿ ಹೇಳುತ್ತದೆ. ಸರಾಸರಿ ಇಷ್ಟು ಏರಿದಾಗ ಗೆರೆ ದಾಟುವ ದಿನಗಳ ಸಂಖ್ಯೆ ಅದಕ್ಕಿಂತ ವೇಗವಾಗಿ ಬೆಳೆಯುತ್ತದೆ, ಜೀವಿಗಳಿಗೆ ಲೆಕ್ಕಕ್ಕೆ ಬರುವುದು ಆ ದಿನಗಳೇ. ರಾತ್ರಿಯ ಶಾಖವನ್ನೂ ಮರೆಯಬಾರದು. ಹಗಲಿನ ದಣಿವನ್ನು ಮೈ ಇಳಿಸಿಕೊಳ್ಳುವುದು ರಾತ್ರಿ. ಬಂಡೆಯೂ ಗಾಳಿಯೂ ನಸುಕಿನವರೆಗೆ ಕಾದೇ ಇದ್ದರೆ ಮರುದಿನದ ಬಿಸಿಲನ್ನು ಅದು ಸಾಲದ ಮೇಲೆ ಎದುರಿಸಬೇಕು.

ಗೆರೆ ದಾಟಿದ ಒಂದೆರಡು ದಿನ ಏನು ಮಾಡಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಘಟನೆ ಸಾಕು. 2018ರ ನವೆಂಬರ್‌ನಲ್ಲಿ ಕೇರ್ನ್ಸ್ ಪಟ್ಟಣದ ಸುತ್ತ ಎರಡು ದಿನ ಶಾಖ 42 ಡಿಗ್ರಿ ಮುಟ್ಟಿತು. ಕನ್ನಡಕದಂತಹ ಮಚ್ಚೆಯ ಹಣ್ಣುಬಾವಲಿಗಳು ಮರಗಳಿಂದ ಉದುರಿದವು, ಸುಮಾರು 23,000. ಆ ದೇಶದಲ್ಲಿದ್ದ ಆ ಪ್ರಭೇದದ ಮೂರರಲ್ಲಿ ಒಂದು ಭಾಗ. ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಎರಡು ದಿನದಲ್ಲಿ ಹೋದದ್ದು ತುಂಬಿಕೊಳ್ಳಲು ಹತ್ತಾರು ವರ್ಷ ಬೇಕು.

ಇನ್ನು ನಿಮ್ಮ ಬೀಳಿನಲ್ಲಿ ಬೆಳೆದಿರುವ ಜಾಲಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹವಾಮಾನ ಎಂದರೆ ಬಿಸಿಲು, ಮಳೆ ಮಾತ್ರ ಎಂದು ತಿಳಿದವರಿಗೆ ಈ ದಾರಿ ಕಾಣುವುದಿಲ್ಲ. ಬಳ್ಳಾರಿ ಜಾಲಿಗೆ ನಮ್ಮ ಜಿಲ್ಲೆಯ ಹೆಸರು ಅಂಟಿಕೊಂಡಿದೆ, ಆದರೆ ಮರ ನಮ್ಮದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಮರ ಭಾರತಕ್ಕೆ ಬಂದದ್ದು 1870ರ ದಶಕದಲ್ಲಿ, ಸೌದೆಗೆಂದು. ಕೆರೆಯ ಏರಿಯ ಮೇಲೆ ನೀವು ಕಾಣುವ ಕರಿಜಾಲಿ ಬೇರೆ, ಅದು ಇಲ್ಲಿಯದೇ. ಬಳ್ಳಾರಿ ಜಾಲಿಯ ಸಿಹಿ ಕಾಯನ್ನು ಕುರಿ, ಆಡು ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ, ಬೇರು ಬಹಳ ಆಳಕ್ಕೆ ಇಳಿಯುತ್ತದೆ, ಕಡಿದರೆ ಬುಡದಿಂದ ನಾಲ್ಕಾಗಿ ಚಿಗುರುತ್ತದೆ. ಇಷ್ಟು ನಿಮಗೆ ಗೊತ್ತಿರುವುದೇ.

ಗೊತ್ತಿಲ್ಲದಿರಬಹುದಾದದ್ದು ಇದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕೈಗಾರಿಕೆಗಳು ಬರುವ ಮುಂಚೆ ಹತ್ತು ಲಕ್ಷಕ್ಕೆ 280 ಭಾಗ ಇತ್ತು, ಈಗ 420 ದಾಟಿದೆ. ಗಿಡಗಳಿಗೆ ಇದು ಆಹಾರ. ಆದರೆ ಎಲ್ಲ ಗಿಡಗಳಿಗೂ ಸಮನಾದ ಲಾಭವಿಲ್ಲ. ಜೋಳ, ಸಜ್ಜೆ, ಕರಿಕೆ ಮತ್ತು ನಮ್ಮ ಬಯಲಿನ ಬಹುತೇಕ ಹುಲ್ಲುಗಳ ಎಲೆಯೊಳಗೆ ಈ ಅನಿಲವನ್ನು ಕಲೆಹಾಕಿಕೊಡುವ ವ್ಯವಸ್ಥೆ ಮೊದಲೇ ಇದೆ. ಅನಿಲ ಕಡಿಮೆ ಇದ್ದ, ಬಿಸಿಲು ಹೆಚ್ಚಿದ್ದ ಕಾಲಕ್ಕೆ ಅದು ಅವುಗಳ ಮೇಲುಗೈ. ಗಾಳಿಯಲ್ಲಿಯೇ ಅನಿಲ ಹೆಚ್ಚಾದಾಗ ಆ ವ್ಯವಸ್ಥೆಯಿಂದ ಹೊಸ ಲಾಭವೇನೂ ಇಲ್ಲ. ಜಾಲಿಯಂತಹ ಮರ, ಪೊದೆಗಳಲ್ಲಿ ಆ ವ್ಯವಸ್ಥೆ ಇಲ್ಲ, ಹಾಗಾಗಿ ಹೆಚ್ಚಿದ ಅನಿಲವೆಲ್ಲ ಅವುಗಳಿಗೆ ಮೇಲುಗೊಬ್ಬರ. ಎಲೆಯ ರಂಧ್ರವನ್ನು ಕಡಿಮೆ ತೆರೆದರೂ ಸಾಕು, ನೀರೂ ಉಳಿಯುತ್ತದೆ. ಸಾವಿರಾರು ವರ್ಷ ನಡೆದ ಹುಲ್ಲು ಮತ್ತು ಮುಳ್ಳಿನ ಪೈಪೋಟಿಯಲ್ಲಿ ನಮ್ಮ ಹೊಗೆ ಮುಳ್ಳಿನ ಕಡೆ ನಿಂತಿದೆ. ಕುರಿ ಮೇಯಿಸುವುದು, ಬೀಳು ಬಿಡುವುದು, ಅರಣ್ಯೀಕರಣ ಎಂದು ನಾವೇ ಬೀಜ ಚೆಲ್ಲಿದ್ದು ಎಲ್ಲವೂ ಕಾರಣವೇ. ಆದರೆ ಅದಕ್ಕೆ ಬಲ ತುಂಬುವುದು ಬದಲಾದ ಗಾಳಿ.

ಹುಲ್ಲುಗಾವಲು ಹೋದರೆ ಏನು ಹೋಯಿತು? ಸಿರುಗುಪ್ಪದ ಎರೆಬಯಲಿನಲ್ಲಿ ಎರ್ಲಡ್ಡು ಇತ್ತು, ಎರೆಭೂತ ಎಂದೂ ಕರೆಯುತ್ತಾರೆ. ಕಾಲಿನಿಂದ ತಲೆಯವರೆಗೆ ಮೂರಡಿಗೂ ಎತ್ತರದ, ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರದವುಗಳಲ್ಲಿ ಒಂದಾದ ಹಕ್ಕಿ. ಇಡೀ ಜಗತ್ತಿನಲ್ಲಿ ಇನ್ನೂರೂ ಉಳಿದಿಲ್ಲ, ಅದರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಬಳ್ಳಾರಿ ಜಿಲ್ಲೆಯಲ್ಲಿ ಉಳಿದದ್ದು ಬೆರಳೆಣಿಕೆ. ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ. ಮರ, ಪೊದೆ ಎದ್ದ ಜಾಗಕ್ಕೆ ಅದು ಬರುವುದೇ ಇಲ್ಲ, ಏಕೆಂದರೆ ದೂರದವರೆಗೆ ಕಣ್ಣು ಹಾಯುವ ಬಯಲೇ ಅದರ ರಕ್ಷಣೆ. ಕೃಷ್ಣಮೃಗವೂ ಹಾಗೆಯೇ. ತೋಳವೂ ಹಾಗೆಯೇ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಆಗಿರುವುದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ಎರ್ಲಡ್ಡುವಿನ ಕಥೆಯಲ್ಲಿ ಇನ್ನೊಂದು ನೋವಿನ ತಿರುವಿದೆ. ಹೊಗೆ ಕಡಿಮೆ ಮಾಡಲು ಗಾಳಿಯಂತ್ರ, ಸೌರ ಫಲಕ ಬೇಕು. ಅವು ಬರುವುದು ಬಯಲಿಗೆ, ಜತೆಗೆ ವಿದ್ಯುತ್ ತಂತಿಗಳು ಬರುತ್ತವೆ. ಎರ್ಲಡ್ಡುವಿಗೆ ನೇರ ಮುಂದಿನದು ಸರಿಯಾಗಿ ಕಾಣದು, ಭಾರದ ಹಕ್ಕಿ ಥಟ್ಟನೆ ತಿರುಗಲಾರದು, ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತ್‌ಗಳ ಈ ಹಕ್ಕಿಗಳ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ತೀರ್ಪು ಕೊಟ್ಟು, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತರಾಗಿರುವುದು ಜನರ ಹಕ್ಕು ಎಂದು ಹೇಳಿತು. ಅದೇ ತೀರ್ಪಿನಲ್ಲಿ, ತಂತಿಗಳನ್ನೆಲ್ಲ ನೆಲದಡಿ ಹಾಕಬೇಕೆಂಬ ತನ್ನ 2021ರ ಆದೇಶವನ್ನು ಸಡಿಲಿಸಿತು. ಕೊಪ್ಪಳ ಜಿಲ್ಲೆಯ ಬಯಲಿನಲ್ಲಿ ಈಗ ಎಲ್ಲಿ ನಿಂತರೂ ಗಾಳಿಯಂತ್ರ ಕಾಣುತ್ತದೆ. ನಾನು ಅವುಗಳ ವಿರೋಧಿಯಲ್ಲ. ಈಗಾಗಲೇ ಉತ್ತ ಹೊಲಗಳಲ್ಲಿ, ಕಟ್ಟಡಗಳ ಮೇಲೆ, ಕಾಲುವೆಗಳ ಮೇಲೆ ಜಾಗವಿರುವಾಗ ಉಳಿದ ನಾಲ್ಕು ಹುಲ್ಲುಗಾವಲುಗಳಿಗೆ ಕೈ ಹಾಕಬೇಡಿ ಎಂಬುದಷ್ಟೇ ನನ್ನ ಒತ್ತಾಯ. ಸರ್ಕಾರಿ ಕಾಗದದಲ್ಲಿ ಹುಲ್ಲುಗಾವಲು ‘ಪಾಳು ಭೂಮಿ’ ಎಂದು ದಾಖಲಾಗಿರುವವರೆಗೆ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮಳೆಯ ವಿಷಯಕ್ಕೆ ಬರೋಣ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಆ ಪಂಚಾಂಗ ಮನುಷ್ಯನದಷ್ಟೇ ಅಲ್ಲ. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆಯ ಗೆದ್ದಲು ಏಳುತ್ತದೆ, ನೆಲದೊಳಗಿನ ಕಪ್ಪೆ ಮೇಲೆ ಬಂದು ಕೂಗುತ್ತದೆ, ಕೆಂಪು ಮಖಮಲ್ಲಿನಂತಹ ಇಂದ್ರಗೋಪ ಹರಿದಾಡುತ್ತದೆ. ಕೌಜುಗದ ಮರಿಗೆ ಮೊದಲ ವಾರಗಳಲ್ಲಿ ಬೇಕಾದದ್ದು ಕಾಳಲ್ಲ, ಹುಳ. ಕಪ್ಪೆ ಮೊಟ್ಟೆಯಿಡುವುದು ಹೊಲದ ತಗ್ಗಿನಲ್ಲಿ ನಿಂತ ನೀರಿನಲ್ಲಿ. ಆ ನೀರು ಕೆಲವು ವಾರವಾದರೂ ನಿಲ್ಲಬೇಕು, ಇಲ್ಲದಿದ್ದರೆ ಗೊದಮೊಟ್ಟೆಗೆ ಕಾಲು ಮೂಡುವುದರೊಳಗೆ ತಗ್ಗು ಒಣಗುತ್ತದೆ.

ಈಗ ಏನಾಗುತ್ತಿದೆ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ಆವಿಯನ್ನು ಹೊರಬಲ್ಲದು. ಆದ್ದರಿಂದ ನೆಲದ ತೇವವನ್ನು ಹೀರುವ ಬಾಯಾರಿಕೆಯೂ ಹೆಚ್ಚು, ಸುರಿಯುವಾಗ ಸುರಿಯುವ ಭಾರವೂ ಹೆಚ್ಚು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಅಷ್ಟೇ ಮಳೆ ಮೂವತ್ತು ದಿನ ಹಂಚಿ ಬಿದ್ದರೆ ಒಂದು ಬದುಕು, ನಾಲ್ಕು ರಾತ್ರಿ ಧೋ ಎಂದು ಸುರಿದು ನಡುವೆ ಇಪ್ಪತ್ತು ದಿನ ಬಿರುಬಿಸಿಲಾದರೆ ಇನ್ನೊಂದು ಬದುಕು. ವರ್ಷದ ಕೊನೆಗೆ ಮಳೆಮಾಪಕದ ಲೆಕ್ಕ ಎರಡಕ್ಕೂ ಒಂದೇ. ಎರಡನೆಯದರಲ್ಲಿ ಕಪ್ಪೆ ಮೊದಲ ಮಳೆಯನ್ನು ನಂಬಿ ಮೊಟ್ಟೆಯಿಟ್ಟು ಮೋಸಹೋಗುತ್ತದೆ, ನೀವು ಬಿತ್ತಿ ಮೋಸಹೋದಂತೆಯೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಪ್ರವಾಹವನ್ನು ರಾಯಚೂರಿನವರು ಮರೆಯಲಾರರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಒಂದೊಂದು ಬರ, ಒಂದೊಂದು ನೆರೆ ಹಿಂದೆಯೂ ಇತ್ತು. ಎರಡರ ನಡುವೆ ಜೀವಿಗಳು ಚೇತರಿಸಿಕೊಳ್ಳುವ ಬಿಡುವು ಕುಗ್ಗುತ್ತಿರುವುದು ಹೊಸದು.

ನದಿಯಲ್ಲಿ ಶಾಖ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದೇ ಹೊತ್ತಿಗೆ ಮೀನಿನ ಮೈಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಉಸಿರು ಕಡಿಮೆ, ಬೇಡಿಕೆ ಜಾಸ್ತಿ. ಗದ್ದೆಗಳಿಂದ ಹರಿದ ಗೊಬ್ಬರವೂ ಸೇರಿದರೆ ಬೆಚ್ಚಗಿನ ನಿಂತ ನೀರಿನಲ್ಲಿ ಪಾಚಿ ಉಕ್ಕುತ್ತದೆ. ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷ ಹಸಿರು ಬಣ್ಣಕ್ಕೆ ತಿರುಗಿದ್ದನ್ನು ನೀವೂ ನೋಡಿದ್ದೀರಿ. ಆ ಪಾಚಿ ಸತ್ತು ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ರಭಸದ ಮಳೆ ಮೇಲಿನ ಹೊಲಗಳ ಮಣ್ಣನ್ನು ಹೊತ್ತು ತರುತ್ತದೆ, ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಅಣೆಕಟ್ಟಿನ ಕೆಳಗೆ ಬೇಸಿಗೆಯ ಹೊಳೆ ಎಂದರೆ ಅಲ್ಲೊಂದು ಇಲ್ಲೊಂದು ಮಡು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಮೀಸಲು ಪ್ರದೇಶ ಎಂದು ಘೋಷಿಸಿದ್ದು ಸರಿಯಾದ ಕೆಲಸ. ಆದರೆ ನೀರುನಾಯಿ ಬದುಕುವುದು ಫಲಕದಿಂದಲ್ಲ, ಮಡುವಿನ ಮೀನಿನಿಂದ.

ಅದೇ ಹೊಳೆಯ, ಕೃಷ್ಣೆಯ ಮೊಸಳೆಗಳ ವಿಷಯ ಮಗಳಿಗೆ ಹೇಳಿ, ಆಶ್ಚರ್ಯಪಡುತ್ತಾಳೆ. ಮೊಸಳೆಯ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಕಾವು ಪಡೆದ ಶಾಖದಿಂದ ತೀರ್ಮಾನವಾಗುತ್ತದೆ. ಗೂಡಿನ ಶಾಖ 31 ಡಿಗ್ರಿಯೊಳಗಿದ್ದರೆ ಹೆಣ್ಣು, 32.5ರ ಆಸುಪಾಸಿನಲ್ಲಿ ಗಂಡು, ಅದಕ್ಕೂ ಮೇಲೆ ಹೋದರೆ ಮತ್ತೆ ಹೆಣ್ಣುಗಳು ಬೆರೆಯುತ್ತವೆ, ಇನ್ನೂ ಏರಿದರೆ ಮೊಟ್ಟೆಯೇ ಕೆಡುತ್ತದೆ. ನೀವು ಕೇಳಿದ ಒಂದೂವರೆ ಡಿಗ್ರಿ ಇಲ್ಲಿ ಅಕ್ಷರಶಃ ಹೆಣ್ಣು ಗಂಡಿನ ವ್ಯತ್ಯಾಸ. ತಾಯಿ ಮೊಸಳೆ ದಡದ ನೆರಳು, ಮರಳಿನ ಆಳ ನೋಡಿ ಗೂಡು ತೋಡುತ್ತದೆ. ದಡದ ಮರ ಹೋಗಿ, ಮರಳು ಲಾರಿಯಲ್ಲಿ ಹೋದ ಮೇಲೆ ಅದಕ್ಕೆ ಆಯ್ದುಕೊಳ್ಳಲು ಏನು ಉಳಿಯಿತು?

ಗುಡ್ಡಗಳಲ್ಲಿಯೂ ಇದೇ ಕಥೆ. ಆನೆಗೊಂದಿ, ಸಂಡೂರು, ದರೋಜಿಯ ಕಲ್ಲುಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇದೆ. ದಕ್ಷಿಣ ಭಾರತದ ಇಂತಹ ಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಗುಡ್ಡ ಅದಕ್ಕೆ ನಡುಗಡ್ಡೆ. ಸುತ್ತಲ ಗದ್ದೆಯನ್ನು ದಾಟಿ ತಂಪಾದ ಇನ್ನೊಂದು ಗುಡ್ಡಕ್ಕೆ ಹೋಗುವ ದಾರಿ ಅದಕ್ಕಿಲ್ಲ. ಅಂಕಸಮುದ್ರದ ಕೆರೆಗೆ, ತುಂಗಭದ್ರೆಯ ಹಿನ್ನೀರಿಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳಿಗಾದರೋ ರೆಕ್ಕೆಬಲವಿದೆ. ಆದರೆ ಅವು ಹೊರಡುವ ಹೊತ್ತು ಮತ್ತು ಅಲ್ಲಿ ಮಂಜು ಕರಗುವ ಹೊತ್ತು ತಾಳೆಯಾಗಬೇಕು. ಅಂಕಸಮುದ್ರ 2024ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಗೌರವದ ಜತೆ ಕೆರೆಯಲ್ಲಿ ನೀರೂ ನಿಲ್ಲಬೇಕು, ಮರಿಗಳು ಹಾರುವ ಮುಂಚೆ ಕೆರೆ ಬತ್ತಿದರೆ ಕೊಕ್ಕರೆಗಳು ಗೂಡು ಬಿಟ್ಟು ಹೋಗುತ್ತವೆ.

ಇನ್ನು ನಿಮ್ಮ ಎರಡು ಎಕರೆ. ಅದರ ತುಂಬ ಗಿಡ ನೆಡಬೇಡಿ. ನಿಮ್ಮ ಉದ್ದೇಶಕ್ಕೆ ನಾನು ಕೈಮುಗಿಯುತ್ತೇನೆ, ಆದರೆ ನಿಮ್ಮ ಊರಿನ ಸುತ್ತ ಹತ್ತಾರು ಕಿಲೋಮೀಟರ್ ಗದ್ದೆಯ ನಡುವೆ ಉಳಿದ ಹುಲ್ಲುಬೀಳು ಬಹುಶಃ ಅದೊಂದೇ. ಕೌಜುಗ, ಬುರ್ಲಿ ಈಗಲೂ ಕಾಣುತ್ತಿದ್ದರೆ ಅದು ಆ ಬೀಳಿನಿಂದಲೇ. ಇಂಗಾಲ ಹಿಡಿಯಲು ಮರವೇ ಬೇಕೆಂದಿಲ್ಲ, ಹುಲ್ಲು ಅದನ್ನು ಬೇರಿನಲ್ಲಿ, ಮಣ್ಣಿನಲ್ಲಿ ಕೂಡಿಡುತ್ತದೆ. ಮರ ಬೇಕೆಂದಿದ್ದರೆ ಹಳ್ಳದ ದಂಡೆಯ ಉದ್ದಕ್ಕೆ ಮತ್ತು ಬದುವಿನ ಮೇಲೆ ನೆಡಿ: ಬೇವು, ಹುಣಸೆ, ಕರಿಜಾಲಿ, ದಸರೆಗೆ ನಾವು ಪೂಜಿಸುವ ಬನ್ನಿ. ನಡುನಡುವೆ ಬಾರೆ, ಕಾರೆ, ತಂಗಡಿ ಪೊದೆಗಳನ್ನು ಬಿಡಿ. ದಂಡೆಯ ಮರ ಹಳ್ಳದ ನೀರಿಗೆ ನೆರಳು ಕೊಡುತ್ತದೆ, ಮೀನಿಗೂ ಏಡಿಗೂ ಅದರ ಫಲ.

ಬಳ್ಳಾರಿ ಜಾಲಿಯನ್ನು ತೆಗೆಯಿರಿ, ಆದರೆ ಒಂದೇ ಸಲ ಅಲ್ಲ. ಬೇರೆ ಪೊದೆ ಇಲ್ಲದಿರುವಾಗ ಹಕ್ಕಿಗಳು ಅದರಲ್ಲಿಯೇ ಅಡಗಿರುತ್ತವೆ. ಮೂರು ವರ್ಷಕ್ಕೆ ಮೂರು ಪಾಲು ಮಾಡಿಕೊಳ್ಳಿ. ಮಳೆಗಾಲ ಮುಗಿದು ಮಣ್ಣು ಇನ್ನೂ ಮೆತ್ತಗಿರುವಾಗ, ಬುಡದ ಸುತ್ತ ಒಂದು ಮೊಳ ಆಳ ಅಗೆದು, ಬೇರಿನ ತಲೆಯ ಕೆಳಗೆ ಕಡಿಯಿರಿ. ನೆಲಮಟ್ಟಕ್ಕೆ ಕಡಿದರೆ ಎರಡು ತಿಂಗಳಲ್ಲಿ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಕಾಯಿ ಬಲಿಯುವ ಹೊತ್ತಿನಲ್ಲಿ ಜಾಲಿಕಾಯಿ ಮೇಯ್ದ ಕುರಿಗಳನ್ನು ನೇರ ಬೀಳಿಗೆ ಬಿಡಬೇಡಿ. ಹುಲ್ಲನ್ನು ದೀಪಾವಳಿ ದಾಟಿ ಬೀಜ ಉದುರಿದ ಮೇಲೆ ಕೊಯ್ಯಿರಿ, ನಿಮ್ಮ ಎತ್ತು ಎಮ್ಮೆಗಳಿಗೆ ಮೇವಾಗುತ್ತದೆ. ಬೇಸಿಗೆಯಲ್ಲಿ ಯಾರೂ ಬೆಂಕಿ ಹಾಕದಂತೆ ನೋಡಿಕೊಳ್ಳಿ, ಏಪ್ರಿಲ್‌ನಿಂದ ಕೌಜುಗ ಹುಲ್ಲಿನ ಬುಡದಲ್ಲಿ ಮೊಟ್ಟೆಯಿಟ್ಟಿರುತ್ತದೆ. ಹಳ್ಳದ ಕಡೆಯ ತಗ್ಗನ್ನು ಸಮ ಮಾಡದೆ ಹಾಗೆಯೇ ಬಿಡಿ, ಗದ್ದೆಗೆ ಹೊಡೆದ ಔಷಧಿಯ ನೀರು ಅದಕ್ಕೆ ಇಳಿಯದಂತೆ ಒಂದು ಸಣ್ಣ ಒಡ್ಡು ಹಾಕಿ. ಮುಂದಿನ ವರ್ಷ ಮೊದಲ ಮಳೆ ಬಿದ್ದ ರಾತ್ರಿ ಮಗಳನ್ನು ಕರೆದುಕೊಂಡು ಆ ತಗ್ಗಿನ ಹತ್ತಿರ ಹೋಗಿ ಕಪ್ಪೆಯ ಕೂಗು ಕೇಳಿ. ತಾರೀಖು ಬರೆದಿಡಲು ಅವಳಿಗೆ ಹೇಳಿ. ನೀರು ಎಷ್ಟು ದಿನ ನಿಂತಿತು, ಗೊದಮೊಟ್ಟೆಗಳಿಗೆ ಕಾಲು ಮೂಡಿತೇ ಎಂಬುದನ್ನೂ ಅದರ ಪಕ್ಕದಲ್ಲಿಯೇ ಬರೆಯಲಿ.